ಸೆಖೆಗಾಲದ ಪೆಟ್ರೋಲು: ಕುಂದಾಪುರ ಸೀಮೆಯ ಕಾರ್ಬ್ಯುರೇಟರ್ ಕಾರುಗಳ ಕಾಲ

ಕಾರ್ಬ್ಯುರೇಟರ್ ಇರುವ ಕಾರಿನಲ್ಲಿ ಪೆಟ್ರೋಲು ಟ್ಯಾಂಕಿನಿಂದ ಕಾರ್ಬ್ಯುರೇಟರಿನ ತನಕ ದ್ರವವಾಗಿಯೇ ಬರಬೇಕು. ಆವಿಯಾಗುವುದೇನಿದ್ದರೂ ಅದರಾಚೆಗೆ, ಗಾಳಿಯೊಡನೆ ಬೆರೆಯುವಾಗ. ಬಿಸಿಗೆ ಈ ಕ್ರಮ ತಪ್ಪಿ ಪೆಟ್ರೋಲು ಪೈಪಿನಲ್ಲೋ ಪಂಪಿನಲ್ಲೋ ಕುದಿದರೆ ಎಂಜಿನ್ನಿಗೆ ಇಂಧನ ಸಿಗದೆ ಗಾಡಿ ನಿಲ್ಲುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದು ಏರ್ ಲಾಕ್ ಅಥವಾ ವೇಪರ್ ಲಾಕ್. 1930ರ ದಶಕದಿಂದ ಹಿಡಿದು 2000ದ ಆಸುಪಾಸಿನವರೆಗೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಬಾಡಿಗೆ ಕಾರಿನವರೂ ಮೆಕ್ಯಾನಿಕರೂ ಸ್ವಂತ ಕಾರು ಇಟ್ಟುಕೊಂಡ ಮನೆಯವರೂ ಪ್ರತಿ ಬೇಸಗೆಯಲ್ಲಿ ಇದರೊಡನೆ ಹೆಣಗಿದ್ದಾರೆ, ಹೆಣಗುತ್ತಲೇ ಒಂದು ಕಸುಬಿನ ತಿಳಿವಳಿಕೆಯನ್ನು ಕಟ್ಟಿಕೊಂಡಿದ್ದಾರೆ.

ಮೇಲ್ನೋಟಕ್ಕೆ ಇಲ್ಲಿ ಈ ತೊಂದರೆ ಅಷ್ಟಾಗಿ ಇರಬಾರದಿತ್ತು. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್–ಮೇ ತಿಂಗಳ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಕುಂದಾಪುರದಲ್ಲಿ ಪಾದರಸ 36 ದಾಟುವುದೇ ಅಪರೂಪ. ಬೆವರು ಆರದ ಸೆಖೆ ಮನುಷ್ಯರನ್ನು ಹಣ್ಣು ಮಾಡುತ್ತದೆಯೇ ಹೊರತು, ಗಾಳಿಯ ತೇವ ಪೆಟ್ರೋಲನ್ನು ಕುದಿಸುವುದಿಲ್ಲ. ಕಾರಣವನ್ನು ಊರಿನ ಉಷ್ಣತೆಗಿಂತ ರಸ್ತೆಯ ಸ್ವಭಾವದಲ್ಲಿ ಹುಡುಕಬೇಕು. ಪಡುವಣಕ್ಕೆ ಕಡಲು, ಮೂಡಣಕ್ಕೆ ಸಹ್ಯಾದ್ರಿ, ನಡುವೆ ಸ್ವರ್ಣಾ, ಸೀತಾ, ವಾರಾಹಿ, ಚಕ್ರಾ, ಸೌಪರ್ಣಿಕಾ ಹೊಳೆಗಳು. ಈ ಸೀಮೆಯಲ್ಲಿ ಎಲ್ಲಿಗೆ ಹೊರಟರೂ ಒಂದೋ ಹೊಳೆಯ ದಡದಲ್ಲಿ ನಿಲ್ಲಬೇಕಿತ್ತು, ಇಲ್ಲವೇ ಘಟ್ಟ ಹತ್ತಬೇಕಿತ್ತು. ಕಾರ್ಬ್ಯುರೇಟರ್ ಕಾರು ಸೋಲುವುದು ಈ ಎರಡು ಕಡೆಗಳಲ್ಲೇ.

ಪೆಟ್ರೋಲು ಹಲವು ಹೈಡ್ರೋಕಾರ್ಬನ್ನುಗಳ ಮಿಶ್ರಣ. ಅದರ ಹಗುರ ಅಂಶಗಳು 35–40 ಡಿಗ್ರಿಗೇ ಕುದಿಯಲು ತೊಡಗುತ್ತವೆ, ಭಾರದ ಅಂಶಗಳು 200 ಡಿಗ್ರಿಯ ಸುಮಾರಿಗೆ. ಒತ್ತಡ ಇಳಿದರೆ ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಎಂಜಿನ್ನಿಗೆ ಅಂಟಿಕೊಂಡ ಮೆಕ್ಯಾನಿಕಲ್ ಪಂಪು ಕಾರಿನ ಹಿಂಭಾಗದ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುವುದರಿಂದ ಟ್ಯಾಂಕು–ಪಂಪುಗಳ ನಡುವಿನ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತಲೂ ಕಡಿಮೆ. ಆದ್ದರಿಂದ ಮೊದಲು ಗುಳ್ಳೆ ಏಳುವುದು ಅಲ್ಲೇ. ಪಂಪಿನ ಡಯಾಫ್ರಮ್ ದ್ರವವನ್ನು ತಳ್ಳಬಲ್ಲದು. ಆವಿ ಸಿಕ್ಕರೆ ಅದನ್ನು ಹಿಂಡಿ ಹಿಗ್ಗಿಸುವುದರಲ್ಲೇ ಅದರ ಶ್ರಮವೆಲ್ಲ ಕಳೆದುಹೋಗುತ್ತದೆ.

ಇದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಬಗೆ. ಎಂಜಿನ್ ಓಡುತ್ತಿರುವಾಗ ಕಾರ್ಬ್ಯುರೇಟರನ್ನು ಮೂರು ಸಂಗತಿಗಳು ತಣ್ಣಗಿಡುತ್ತವೆ: ಫ್ಯಾನಿನ ಗಾಳಿ, ಟ್ಯಾಂಕಿನಿಂದ ಬರುತ್ತಿರುವ ಹೊಸ ಪೆಟ್ರೋಲು ಮತ್ತು ಪೆಟ್ರೋಲು ಆವಿಯಾಗುವಾಗ ಹೀರಿಕೊಳ್ಳುವ ಶಾಖ. ಎಂಜಿನ್ ಆಫ್ ಮಾಡಿದೊಡನೆ ಮೂರೂ ಒಟ್ಟಿಗೆ ನಿಲ್ಲುತ್ತವೆ. ಕಾದ ಎರಕದ ಕಬ್ಬಿಣದ ಬಿಸಿ ಮಾತ್ರ ಹೊರಬರುತ್ತಲೇ ಇರುತ್ತದೆ, ಮೊದಲ ಕಾಲು ಗಂಟೆ ಬಾನೆಟ್ಟಿನೊಳಗಿನ ಉಷ್ಣತೆ ಏರುತ್ತಾ ಹೋಗುತ್ತದೆ. ಕಾರ್ಬ್ಯುರೇಟರಿನ ಪುಟ್ಟ ತೊಟ್ಟಿಯಲ್ಲಿದ್ದ ಪೆಟ್ರೋಲು ಕುದಿದು ಉಕ್ಕಿ ಎಂಜಿನ್ನಿನ ಬಾಯಿಗೆ ಸುರಿಯುತ್ತದೆ. ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಗಾಡಿ ಹಟ ಹಿಡಿಯುತ್ತದೆ. ಒಂದು ಗಂಟೆ ಬಿಟ್ಟರೆ ಏನೂ ಆಗದಂತೆ ಹೊರಡುತ್ತದೆ. ಚಹಾ ಕುಡಿಯುವ, ದೇವರ ದರ್ಶನ ಮಾಡಿ ಬರುವ, ಹೊಳೆ ದಾಟಲು ತಾರಿ ಕಾಯುವ ಹೊತ್ತು ಸರಿಯಾಗಿ ಈ ಕೆಟ್ಟ ಅವಧಿಯೇ ಆಗಿತ್ತೆಂಬುದು ಈ ಸೀಮೆಯ ಮೋಟಾರು ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ಮುಖ್ಯ.

ಮೋಟಾರು ಬಂದ ಕಾಲದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಊರುಗಳು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸುವಾಗ ಕುಂದಾಪುರ ತಾಲೂಕನ್ನು ಮದ್ರಾಸಿನಲ್ಲೇ ಉಳಿಸಿಕೊಂಡಿದ್ದರಿಂದ ಶಿರೂರಿನಾಚೆ ಬೊಂಬಾಯಿ ಪ್ರಾಂತ್ಯ, ಘಟ್ಟದ ಮೇಲೆ ಮೈಸೂರು ಸಂಸ್ಥಾನ. ಮೂರು ಆಡಳಿತಗಳ ಅಂಚಿನಲ್ಲಿದ್ದ ಈ ನೆಲಕ್ಕೆ ಒಳ್ಳೆಯ ರಸ್ತೆ ತಡವಾಗಿಯೇ ಬಂತು. 1956ರಲ್ಲಿ ಮೂರೂ ಕಡೆ ಒಂದೇ ರಾಜ್ಯವಾದವು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲೂಕುಗಳಾದದ್ದು ತೀರಾ ಈಚೆಗೆ, 2018ರಲ್ಲಿ.

ಜಿಲ್ಲೆಯಲ್ಲಿ ಬಾಡಿಗೆ ಮೋಟಾರಿನ ವ್ಯವಹಾರ ಮಂಗಳೂರಿನಿಂದ ಬೆಳೆಯಿತು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಅಲ್ಲಿ 1914ರಲ್ಲೇ ಹುಟ್ಟಿತ್ತು. ಅಂದಿನ ಗಾಡಿಗಳಲ್ಲಿ ಆವಿಯ ಕಾಟ ಕಡಿಮೆ. ಭಾರತದಲ್ಲೆಲ್ಲ ಓಡಿದ ಫೋರ್ಡ್ ಮಾಡೆಲ್ ಟಿಯಲ್ಲಿ ಪಂಪೇ ಇರಲಿಲ್ಲ. ಸೀಟಿನಡಿಯ ಟ್ಯಾಂಕಿನಿಂದ ಪೆಟ್ರೋಲು ತಾನಾಗಿ ಇಳಿದು ಕಾರ್ಬ್ಯುರೇಟರಿಗೆ ಬರುತ್ತಿತ್ತು. ಎಳೆತ ಇಲ್ಲವಾದ್ದರಿಂದ ಪೈಪಿನಲ್ಲಿ ಒತ್ತಡ ಇಳಿಯುವ ಪ್ರಶ್ನೆಯೇ ಇಲ್ಲ. ಅದರ ಕಷ್ಟ ಬೇರೆ: ಕಡಿದಾದ ಏರಿನಲ್ಲಿ ಟ್ಯಾಂಕು ಕಾರ್ಬ್ಯುರೇಟರಿಗಿಂತ ತಗ್ಗಾಗಿ ಪೆಟ್ರೋಲು ನಿಂತುಹೋಗುತ್ತಿತ್ತು, ಆಗ ಗಾಡಿಯನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಹತ್ತಿಸಬೇಕಾಗುತ್ತಿತ್ತು. 1920ರ ದಶಕದ ಕೊನೆಗೆ ಎಂಜಿನ್ನಿನ ಕ್ಯಾಮ್‌ಶಾಫ್ಟಿನಿಂದ ನಡೆಯುವ ಡಯಾಫ್ರಮ್ ಪಂಪು ಬಂದು ಈ ಕಷ್ಟವನ್ನು ತೀರಿಸಿತು. ಅಮೆರಿಕದ ಎಸಿ ಕಂಪನಿ ಅದನ್ನು ಎಷ್ಟು ಹರಡಿತೆಂದರೆ ನಮ್ಮ ಗ್ಯಾರೇಜುಗಳಲ್ಲಿ ಆ ಜಾತಿಯ ಪಂಪಿಗೆಲ್ಲ ಎಸಿ ಪಂಪು ಎಂದೇ ಹೆಸರಾಯಿತು. ಟ್ಯಾಂಕು ಹಿಂದಕ್ಕೆ ಹೋಯಿತು, ಪೈಪು ಉದ್ದವಾಯಿತು, ಪಂಪು ಬಿಸಿ ಎಂಜಿನ್ನಿಗೆ ತಗುಲಿ ಕೂತಿತು. ಏರ್ ಲಾಕ್ ಎಂಬ ಪಿಡುಗು ನಿಜವಾಗಿ ಆರಂಭವಾದದ್ದು ಇಲ್ಲಿಂದ.

ಕರಾವಳಿಯ ರಸ್ತೆಯಲ್ಲಿ ಆಗ ಸೇತುವೆಗಳು ಪೂರ್ತಿಯಾಗಿರಲಿಲ್ಲ. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಮೇಲೆ ಕಾರನ್ನು ಏರಿಸಿ ಹೊಳೆ ದಾಟಿಸುತ್ತಿದ್ದರು. ದಡಕ್ಕೆ ಬಂದ ಗಾಡಿ ಎಂಜಿನ್ ಆರಿಸಿ ಜಂಗಲಿಗಾಗಿ ಕಾಯುವುದು, ಆಮೇಲೆ ಹಲಗೆಯ ಮೇಲಿಂದ ಆಚೆ ದಡದ ಏರಿಗೆ ಒಂದೇ ಉಸಿರಿನಲ್ಲಿ ಹತ್ತುವುದು: ಬಿಸಿ ಎಂಜಿನ್ನನ್ನು ಇದಕ್ಕಿಂತ ಕಠಿಣವಾಗಿ ಪರೀಕ್ಷಿಸುವ ಬಗೆ ಇನ್ನೊಂದಿಲ್ಲ. ದಡದ ಮರದ ನೆರಳಿನಲ್ಲಿ ಬಾನೆಟ್ ತೆರೆದಿಟ್ಟು ಕಾಯುವುದು ಹೀಗೆ ಅಗತ್ಯವಾಯಿತು. ಮಾಬುಕಳದಲ್ಲಿ ಸೀತಾ ನದಿಗೆ, ಕುಂದಾಪುರದ ಬಡಗಿಗೆ ಪಂಚಗಂಗಾವಳಿ ಹೊಳೆಯ ಕವಲುಗಳಿಗೆ ಸೇತುವೆಗಳಾದ ಮೇಲೆ ಈ ನಿಲುಗಡೆ ತಪ್ಪಿತು. ಕಡಲಿಗೂ ಸೌಪರ್ಣಿಕೆಗೂ ನಡುವೆ ಸಾಗುವ ಮರವಂತೆಯ ರಸ್ತೆಯಲ್ಲಿ ಗಾಡಿಗೆ ಎದುರಾಗುವುದು ತಂಪು ಗಾಳಿಯೇ. ಅಂಥಲ್ಲಿ ಓಡುತ್ತಿರುವ ಕಾರು ಬಿಸಿಯಿಂದ ನಿಂತರೆ ದೋಷ ರೇಡಿಯೇಟರಿನದೋ ಫ್ಯಾನ್ ಬೆಲ್ಟಿನದೋ ಇರಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ದೇಶದ ಬೇರೆಡೆಯಂತೆ ಇಲ್ಲೂ ಇದ್ದಿಲು ಗ್ಯಾಸಿನ ಬಸ್ಸುಗಳು ಓಡಿದವು. ಯುದ್ಧದ ನಂತರದ ದಶಕದಲ್ಲಿ ಬಸ್ಸು, ಲಾರಿಗಳು ಡೀಸೆಲಿಗೆ ಹೊರಳಿದವು. ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗದು, ಅದಕ್ಕೆ ಕಾರ್ಬ್ಯುರೇಟರೂ ಬೇಡ. ಹಾಗಾಗಿ ಬಿಸಿ ಪೆಟ್ರೋಲಿನ ಸಮಸ್ಯೆ ಕಾರುಗಳ ಪಾಲಿಗೆ, ಅದರಲ್ಲೂ ಎರಡು ಕಾರುಗಳ ಪಾಲಿಗೆ ಉಳಿಯಿತು.

ಮೊದಲನೆಯದು ಅಂಬಾಸಿಡರ್. 1942ರಲ್ಲಿ ಸ್ಥಾಪನೆಯಾಗಿ ಬಂಗಾಳದ ಉತ್ತರಪಾರಾದಲ್ಲಿ ನೆಲೆಗೊಂಡ ಹಿಂದೂಸ್ತಾನ್ ಮೋಟರ್ಸ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಇದನ್ನು ಹೊರತಂದಿತು. 2014ರ ಮೇ ತನಕ ತಯಾರಿಸಿತು. ಇದರ 1489 ಸಿಸಿ ಬಿ-ಸೀರೀಸ್ ಎಂಜಿನ್ನಿನ ರಚನೆಯಲ್ಲೇ ಬಿಸಿಯ ಬೀಜವಿದೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಪೆಟ್ರೋಲು ಒಳಬರುವ ಮ್ಯಾನಿಫೋಲ್ಡ್ ಎರಡೂ ಎಂಜಿನ್ನಿನ ಎಡ ಪಕ್ಕದಲ್ಲಿವೆ. ಕಾರ್ಬ್ಯುರೇಟರ್ ಕೂತಿರುವುದು ಕಾದು ಕೆಂಡವಾಗುವ ಕಬ್ಬಿಣದ ಪಕ್ಕದಲ್ಲೇ. ಕ್ಯಾಮ್‌ಶಾಫ್ಟ್ ಕೂಡ ಅದೇ ಬದಿಗಿರುವುದರಿಂದ ಪಂಪಿಗೂ ಅಲ್ಲೇ ಜಾಗ. ತಂಪು ದೇಶದವರು ಇದನ್ನು ಬೇಕೆಂದೇ ಹೀಗೆ ಮಾಡಿದ್ದರು: ಮ್ಯಾನಿಫೋಲ್ಡಿನ ಬಿಸಿಗೆ ಪೆಟ್ರೋಲು ಬೇಗ ಆವಿಯಾಗಿ ಚಳಿಯಲ್ಲಿ ಗಾಡಿ ಸರಾಗವಾಗಿ ಓಡಲಿ ಎಂದು. ಅಲ್ಲಿ ಗುಣವಾದದ್ದು ಇಲ್ಲಿ ದೋಷವಾಯಿತು.

ಎರಡನೆಯದು ಫಿಯಾಟ್. ವಾಲ್ಚಂದ್ ಹೀರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಮುಂಬಯಿಯ ಕುರ್ಲಾ ಕಾರ್ಖಾನೆಯಿಂದ ಬಂದ ಫಿಯಾಟ್ 1100, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಮುಂಬಯಿಗೆ ಹೋಟೆಲ್ ಉದ್ಯಮಕ್ಕೆ ಹೋದ ಕುಂದಾಪುರ, ಬೈಂದೂರು ಕಡೆಯ ಕುಟುಂಬಗಳಿಗೆ ಇದು ಪರಿಚಿತ ಗಾಡಿ. ಮಕ್ಕಳ ಶಾಲೆಗೆ ರಜೆ ಸಿಗುವ ಏಪ್ರಿಲ್–ಮೇ ತಿಂಗಳಲ್ಲೇ ಅವರು ಊರಿಗೆ ಬರುತ್ತಿದ್ದುದು. ಮದುವೆ, ಗೃಹಪ್ರವೇಶಗಳಿಗೂ ಅದೇ ಕಾಲ. ಮಂದಾರ್ತಿಯ ಜಾತ್ರೆ, ಕೊಲ್ಲೂರಿನ ರಥೋತ್ಸವ ಅದಕ್ಕೆ ಸ್ವಲ್ಪ ಮೊದಲು. ಹೀಗೆ ಬಾಡಿಗೆ ಕಾರಿಗೆ ಅತಿ ಹೆಚ್ಚು ಬೇಡಿಕೆಯಿದ್ದ ತಿಂಗಳುಗಳೂ ಪೆಟ್ರೋಲು ಕುದಿಯುವ ತಿಂಗಳುಗಳೂ ಒಂದೇ ಆಗಿಬಿಟ್ಟವು. ಐವರ ಜಾಗದಲ್ಲಿ ಎಂಟು ಮಂದಿ, ಮೇಲೆ ಕ್ಯಾರಿಯರ್ ತುಂಬ ಸಾಮಾನು ಹೇರಿಕೊಂಡ ಅಂಬಾಸಿಡರ್ ಮಧ್ಯಾಹ್ನದ ಹೊತ್ತಿಗೆ ಘಟ್ಟದ ಬುಡ ಸೇರುತ್ತಿತ್ತು.

ಘಟ್ಟ ಹತ್ತಲು ಮೂರು ದಾರಿ. ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಯ ಮೇಲಾಗಿ ತೀರ್ಥಹಳ್ಳಿಯ ಕಡೆಗೆ ಹೋಗುವ ಬಾಳೆಬರೆ ಘಾಟಿ, ಅದನ್ನು ಹುಲಿಕಲ್ ಘಾಟಿಯೆಂದೂ ಕರೆಯುತ್ತಾರೆ. ಬೈಂದೂರು ಕಡೆಯವರಿಗೆ ಕೊಲ್ಲೂರಿನಿಂದ ನಾಗೋಡಿಗೆ ಏರುವ ಘಾಟಿ. ಬ್ರಹ್ಮಾವರದವರಿಗೆ ಹೆಬ್ರಿ, ಸೋಮೇಶ್ವರದಾಚೆ ಹದಿನಾಲ್ಕು ತಿರುವುಗಳ ಆಗುಂಬೆ. ಏರಿನಲ್ಲಿ ಒಂದನೆಯ, ಎರಡನೆಯ ಗೇರಿನಲ್ಲಿ ಎಂಜಿನ್ ಪೂರ್ಣ ಬಲದಿಂದ ದುಡಿಯುತ್ತದೆ, ಗಾಡಿಯ ವೇಗ ಮಾತ್ರ ಸೈಕಲ್ಲಿನಷ್ಟು. ಆದ್ದರಿಂದ ಬಾನೆಟ್ಟಿನೊಳಗೆ ನುಗ್ಗುವ ಗಾಳಿ ಸಾಲದು. ಎತ್ತರವೂ ಸ್ವಲ್ಪ ಮಟ್ಟಿಗೆ ಕೆಡುಕು ಮಾಡುತ್ತದೆ. ಸುಮಾರು 650 ಮೀಟರ್ ಎತ್ತರದ ಆಗುಂಬೆಯಲ್ಲಿ ಗಾಳಿಯ ಒತ್ತಡ ಕಡಲ ದಂಡೆಗಿಂತ ಸುಮಾರು ಶೇ. 7ರಷ್ಟು ಕಡಿಮೆ, ಕರಾವಳಿಯಲ್ಲಿ ತಡೆದುಕೊಂಡಿದ್ದ ಪೆಟ್ರೋಲು ಅಲ್ಲಿ ಕುದಿಯಲು ಅಷ್ಟೇ ಸಾಕು. ಆದರೂ ಬಹಳ ಗಾಡಿಗಳು ಹತ್ತುವಾಗ ಕೈಕೊಡದೆ, ಹತ್ತಿ ನಿಂತು ಮತ್ತೆ ಹೊರಡುವಾಗ ಕೈಕೊಡುತ್ತಿದ್ದವು. ಹುಲಿಕಲ್ ಘಾಟಿಯ ಚಂಡಿಕಾಂಬಾ ಗುಡಿಯ ಮುಂದೆ ವಾಹನ ನಿಲ್ಲಿಸಿ ಕೈಮುಗಿದು ಹೋಗುವುದು ಚಾಲಕರ ನಡವಳಿಕೆ. ಅಲ್ಲಿ ಎಂಜಿನ್ ಆರಿಸಬೇಕೇ ಬೇಡವೇ ಎಂಬುದು ಕಾರ್ಬ್ಯುರೇಟರ್ ಕಾಲದಲ್ಲಿ ಅನುಭವ ಉತ್ತರ ಹೇಳಬೇಕಾದ ಪ್ರಶ್ನೆಯಾಗಿತ್ತು. ಏರು ಮುಗಿದೊಡನೆ ಆಫ್ ಮಾಡದೆ ಎರಡು ಮೂರು ನಿಮಿಷ ಹಾಗೆಯೇ ಓಡಲು ಬಿಟ್ಟರೆ ಫ್ಯಾನಿನ ಗಾಳಿ, ವಾಟರ್ ಪಂಪು ಹರಿಸುವ ನೀರು ಸೇರಿ ಎಂಜಿನ್ನಿನ ಮೈಬಿಸಿಯ ದೊಡ್ಡ ಪಾಲನ್ನು ಹೊರಗೆ ಹಾಕುತ್ತವೆ. ಆಮೇಲೆ ಆರಿಸಿ, ಬಾನೆಟ್ ಎತ್ತಿಡಬೇಕು. ಎಲ್ಲ ಉಪಾಯಗಳಲ್ಲಿ ಇದು ಅತಿ ಸರಳ, ಖರ್ಚಿಲ್ಲದ್ದು. ಬಹುಶಃ ಅತ್ಯಂತ ಪರಿಣಾಮಕಾರಿಯಾದದ್ದೂ ಹೌದು. ಪೆಟ್ರೋಲು ಉಳಿಸುವ ಆಸೆಗೆ ಇದನ್ನು ಮರೆತವರೇ ಹೆಚ್ಚು.

ಎಸಿ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು ಎಲ್ಲರಿಗೂ ಗೊತ್ತಿದ್ದ ಮದ್ದು. ಹೆಗಲ ಮೇಲಿನ ಬೈರಾಸನ್ನು ತೋಡಿನ ನೀರಿನಲ್ಲಿ ಅದ್ದಿ ಪಂಪಿನ ಮೇಲೂ ಅಲ್ಲಿಂದ ಕಾರ್ಬ್ಯುರೇಟರಿಗೆ ಹೋಗುವ ಪೈಪಿನ ಮೇಲೂ ಹಾಕುವುದು. ಸೆಖೆಯ ಗಾಳಿಯಲ್ಲಿ ಒಗೆದ ಬಟ್ಟೆಯೇ ಒಣಗದ ಕರಾವಳಿಯಲ್ಲಿ ಇದು ಕೆಲಸ ಮಾಡೀತೇ ಎಂಬ ಸಂಶಯ ಬರಬಹುದು. ಆದರೆ ಬಾನೆಟ್ಟಿನೊಳಗೆ 60–70 ಡಿಗ್ರಿಗೆ ಕಾದ ಗಾಳಿ, ಹೊರಗೆ ಎಷ್ಟೇ ತೇವವಿದ್ದರೂ, ಒಣ ಗಾಳಿಯಂತೆಯೇ ವರ್ತಿಸುತ್ತದೆ. ಅಲ್ಲಿ ಬಟ್ಟೆ ಬೇಗ ಆರುತ್ತದೆ, ಆರುತ್ತಲೇ ಪಂಪಿನ ಬಿಸಿ ಹೀರುತ್ತದೆ. ಜನರ ಅನುಭವ ಸರಿಯಾಗಿತ್ತು. ತಪ್ಪುತ್ತಿದ್ದುದು ಅವಸರದವರಲ್ಲಿ: ಪಂಪಿನ ಬದಲು ಎಂಜಿನ್ನಿಗೆಲ್ಲ ನೀರು ಎರಚಿದರೆ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಡುತ್ತದೆ, ಡಿಸ್ಟ್ರಿಬ್ಯೂಟರಿಗೆ ನೀರು ಹೊಕ್ಕು ಸ್ಪಾರ್ಕೇ ನಿಲ್ಲುತ್ತದೆ. ಎಸಿ ಪಂಪುಗಳಲ್ಲಿ ಹಲವಕ್ಕೆ ಕೈಯಿಂದ ಒತ್ತುವ ಪುಟ್ಟ ಲೀವರ್ ಇತ್ತು. ಬಟ್ಟೆ ಹಾಕಿ ಹತ್ತು ನಿಮಿಷ ಬಿಟ್ಟು, ಆ ಲೀವರನ್ನು ಒತ್ತಿ ಒತ್ತಿ ಕಾರ್ಬ್ಯುರೇಟರಿಗೆ ಪೆಟ್ರೋಲು ತುಂಬಿಸಿಕೊಂಡರೆ ಬ್ಯಾಟರಿ ಉಳಿಯುತ್ತಿತ್ತು.

ತುಂಬಿ ಉಕ್ಕಿದ ಕಾರ್ಬ್ಯುರೇಟರಿಗೆ ಬೇರೆಯೇ ಚಿಕಿತ್ಸೆ. ಚೋಕ್ ಎಳೆಯಲೇಬಾರದು, ಎಂಜಿನ್ನಿನ ಒಳಗೆ ಆಗಲೇ ಪೆಟ್ರೋಲು ಅತಿಯಾಗಿದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಬಿಡದೆ, ಸ್ಟಾರ್ಟರ್ ತಿರುಗಿಸಬೇಕು. ಗಾಳಿ ಹೆಚ್ಚು ಹೋಗಿ ಒಳಗಿನ ಪೆಟ್ರೋಲು ಖಾಲಿಯಾಗುತ್ತದೆ. ಪದ್ಮಿನಿಯ ಸೋಲೆಕ್ಸ್ ಮಾದರಿಯ ಕಾರ್ಬ್ಯುರೇಟರಿನಲ್ಲಿ ಪೆಡಲನ್ನು ಒತ್ತಿದಾಗೆಲ್ಲ ಒಳಗಿನ ಸಣ್ಣ ಪಂಪು ಇನ್ನಷ್ಟು ಪೆಟ್ರೋಲು ಚಿಮ್ಮಿಸುತ್ತಿದ್ದುದರಿಂದ ಗಾಬರಿಯಲ್ಲಿ ಪೆಡಲು ತುಳಿಯುತ್ತ ಹೋದವರು ರೋಗವನ್ನು ಹೆಚ್ಚಿಸಿಕೊಂಡರು. ಅಂಬಾಸಿಡರಿನಲ್ಲಿ ಬಹುಕಾಲ ಇದ್ದ ಎಸ್‌ಯು ಕಾರ್ಬ್ಯುರೇಟರಿನಲ್ಲಿ ಅಂಥ ಪಂಪಿಲ್ಲ. ಆ ಕಾರಣಕ್ಕೆ ಅದು ಸ್ವಲ್ಪ ಕ್ಷಮಾಗುಣದ್ದು.

ಬಿಸಿ ತಟ್ಟಿದ ಮೇಲಿನ ಉಪಾಯಗಳಿಗಿಂತ ತಟ್ಟದಂತೆ ಮಾಡುವ ಕೆಲಸವೇ ಗ್ಯಾರೇಜಿನ ನಿಜವಾದ ಕೌಶಲ. ಕಾರ್ಬ್ಯುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಕಂಪನಿಯವರೇ ಬೇಕಲೈಟಿನ ದಪ್ಪ ಬಿಲ್ಲೆ ಇಟ್ಟಿರುತ್ತಾರೆ. ಬಿಸಿ ಲೋಹದಿಂದ ಲೋಹಕ್ಕೆ ದಾಟದಿರಲೆಂದು. ಹಳೆಯ ಗಾಡಿಗಳಲ್ಲಿ ಅದು ಸೀಳಿದಾಗ ತೆಗೆದು ಬರಿಯ ಪೇಪರ್ ಪ್ಯಾಕಿಂಗ್ ಹಾಕಿ ಮುಗಿಸಿದರೆ ಮುಂದಿನ ಬೇಸಗೆಯಲ್ಲಿ ಗಾಡಿ ನಿಲ್ಲುವುದು ಖಚಿತ. ಪಂಪಿಗೂ ಬ್ಲಾಕಿಗೂ ನಡುವೆಯೂ ಹೀಗೆಯೇ ಫೈಬರ್ ಪ್ಯಾಕಿಂಗ್ ಬೇಕು. ಆದರೆ ದಪ್ಪ ಅತಿಯಾದರೆ ಪಂಪಿನ ಲೀವರಿಗೆ ಕ್ಯಾಮಿನ ತಳ್ಳಾಟ ಪೂರ್ತಿ ಸಿಗದೆ ಪೆಟ್ರೋಲು ಕಡಿಮೆಯಾಗುತ್ತದೆ, ಮೆಕ್ಯಾನಿಕ್ ಅದನ್ನು ಅಳತೆ ನೋಡಿಯೇ ಹಾಕಬೇಕು. ಎಕ್ಸಾಸ್ಟಿಗೂ ಕಾರ್ಬ್ಯುರೇಟರಿಗೂ ನಡುವೆ ತಗಡಿನ ಮರೆ ಕತ್ತರಿಸಿ ಕೂರಿಸುವುದು, ಅದಕ್ಕೆ ಆಸ್ಬೆಸ್ಟಾಸ್ ಹಾಳೆ ಅಂಟಿಸುವುದು ರೂಢಿಯಲ್ಲಿತ್ತು. ಆಸ್ಬೆಸ್ಟಾಸ್ ಧೂಳು ಶ್ವಾಸಕೋಶಕ್ಕೆ ಮಾರಕವೆಂಬ ಎಚ್ಚರ ಆ ಕಾಲದ ಗ್ಯಾರೇಜುಗಳಲ್ಲಿ ಇರಲಿಲ್ಲ. ಪೆಟ್ರೋಲು ಪೈಪು ಸೈಲೆನ್ಸರ್ ಪೈಪಿನ ಹತ್ತಿರ ಹಾಯುವಲ್ಲಿ ಅದನ್ನು ಬಗ್ಗಿಸಿ ದೂರ ಒಯ್ಯುವುದು ಇನ್ನೊಂದು ಒಳ್ಳೆಯ ಕ್ರಮ. ಅದಕ್ಕೆ ಬದಲಾಗಿ ಗೋಣಿ, ಬಟ್ಟೆ ಸುತ್ತಿ ಕಾಯಂ ಬಿಟ್ಟವರೂ ಇದ್ದರು. ಎಂಜಿನ್ ಆಯಿಲು, ಪೆಟ್ರೋಲು ಹೀರಿಕೊಂಡ ಗೋಣಿ ಕಾದ ಸೈಲೆನ್ಸರಿನ ಪಕ್ಕದಲ್ಲಿರುವುದು ಬೆಂಕಿಗೆ ಆಹ್ವಾನ. ಈ ಉಪಾಯವನ್ನು ಮೆಚ್ಚುವಂತಿಲ್ಲ.

ರೇಡಿಯೇಟರಿನ ವಿಷಯಕ್ಕೆ ಕಡಲೂರಿನದೇ ಒಂದು ಕಷ್ಟ ಸೇರಿಕೊಂಡಿತ್ತು. ಗಂಗೊಳ್ಳಿ, ಕೋಡಿ, ಬೆಂಗ್ರೆಯಂಥ ಅಳಿವೆಬದಿಯ ಜಾಗಗಳಲ್ಲಿ ಬೇಸಗೆಗೆ ಬಾವಿಯ ನೀರು ಉಪ್ಪಾಗುತ್ತದೆ. ಆ ನೀರನ್ನು ರೇಡಿಯೇಟರಿಗೆ ಸುರಿಯುತ್ತ ಹೋದರೆ ಒಳಗಿನ ಕೊಳವೆಗಳಲ್ಲಿ ತುಕ್ಕು, ಉಪ್ಪಿನ ಪೊರೆ ಕಟ್ಟಿ ಎಂಜಿನ್ ಸದಾ ಬಿಸಿಯಾಗಿಯೇ ಓಡುತ್ತದೆ; ಬಿಸಿ ಎಂಜಿನ್ನಿನ ಮೇಲೆ ಕೂತ ಪಂಪು ತಣ್ಣಗಿರುವುದು ಹೇಗೆ? ಸಿಹಿನೀರಿನ ಕ್ಯಾನು ಗಾಡಿಯಲ್ಲಿಡುವುದು ಆದ್ದರಿಂದ ಬರಿಯ ಮುನ್ನೆಚ್ಚರಿಕೆಯಾಗಿರಲಿಲ್ಲ, ಗಾಡಿಯ ಆಯುಷ್ಯದ ಪ್ರಶ್ನೆಯಾಗಿತ್ತು. ಇಗ್ನಿಷನ್ ಟೈಮಿಂಗ್ ತಡವಾಗಿದ್ದರೂ ಎಕ್ಸಾಸ್ಟ್ ಹೆಚ್ಚು ಕಾಯುತ್ತದೆ. ಮೈಲೇಜಿನ ಆಸೆಗೆ ಜೆಟ್ಟನ್ನು ಬಿಗಿಮಾಡಿ ಪೆಟ್ರೋಲು ಕಡಿಮೆ ಮಾಡಿಸಿಕೊಂಡ ಗಾಡಿಗೂ ಅದೇ ಪಾಡು. ಎಲ್ಲ ನಿಲುಗಡೆಗಳನ್ನೂ ಏರ್ ಲಾಕಿನ ತಲೆಗೆ ಕಟ್ಟುವ ಅಭ್ಯಾಸದಿಂದಲೂ ನಷ್ಟವಾದದ್ದುಂಟು: ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿಕೊಂಡರೂ ಪೆಟ್ರೋಲು ಬರುವುದು ನಿಲ್ಲುತ್ತದೆ, ಹಳೆಯ ಇಗ್ನಿಷನ್ ಕಾಯಿಲ್ ಬಿಸಿಗೆ ಸೋತು ತಣಿದ ಮೇಲೆ ಮತ್ತೆ ಕೆಲಸ ಮಾಡುತ್ತದೆ. ಮುಚ್ಚಳ ತೆರೆದಾಗ ಸುಯ್ ಎಂದು ಗಾಳಿ ಎಳೆದುಕೊಂಡರೆ ದೋಷ ಮೊದಲನೆಯದು. ಪ್ಲಗ್ ಕಳಚಿ ನೋಡಿದಾಗ ಸ್ಪಾರ್ಕ್ ಇಲ್ಲದಿದ್ದರೆ ಎರಡನೆಯದು. ಹೀಗೆ ಬೇರ್ಪಡಿಸಿ ನೋಡಬಲ್ಲವನಿಗೇ ಒಳ್ಳೆಯ ಮೆಕ್ಯಾನಿಕ್ ಎಂಬ ಹೆಸರು.

ಪೆಟ್ರೋಲಿನ ಗುಣವೂ ಈ ಚರಿತ್ರೆಯ ಒಂದು ಭಾಗ. ಭಾರತದ ಪೆಟ್ರೋಲು ಮಾನಕ ಐಎಸ್ 2796ರಲ್ಲಿ ವೇಪರ್ ಲಾಕ್ ಇಂಡೆಕ್ಸ್ ಎಂಬ ಅಳತೆಯಿದೆ. ಕಿಲೊಪಾಸ್ಕಲ್ ಲೆಕ್ಕದ ಆವಿಯೊತ್ತಡದ ಹತ್ತು ಪಟ್ಟಿಗೆ, 70 ಡಿಗ್ರಿಯೊಳಗೆ ಆವಿಯಾಗುವ ಶೇಕಡಾ ಪಾಲಿನ ಏಳು ಪಟ್ಟನ್ನು ಕೂಡಿಸಿದರೆ ಬರುವ ಸಂಖ್ಯೆ ಇದು. ಹೆಚ್ಚಿದಷ್ಟೂ ಏರ್ ಲಾಕಿನ ಸಂಭವ ಹೆಚ್ಚು. 2000ದ ನಂತರದ ಭಾರತ್ ಸ್ಟೇಜ್ ನಿಯಮಗಳಲ್ಲಿ, ಎಥೆನಾಲ್ ಬೆರೆಸದ ಪೆಟ್ರೋಲಿಗೆ ಬೇಸಗೆಯಲ್ಲಿ 750, ಉಳಿದ ತಿಂಗಳುಗಳಲ್ಲಿ 950 ಮೀರಬಾರದೆಂದು ಹೇಳಿತ್ತು. ಬೇಸಗೆಯೆಂದರೆ ಮೇಯಿಂದ ಜುಲೈ. ಇದು ಉತ್ತರ ಭಾರತದ ಬೇಸಗೆ. ಕುಂದಾಪುರದಲ್ಲಿ ಜೂನ್ ಮೊದಲ ವಾರ ಮಳೆ ಹಿಡಿದರೆ ಜುಲೈಯಲ್ಲಿ ಎಂಜಿನ್ ಬಿಸಿಯಾಗುವುದಕ್ಕಿಂತ ಪ್ಲಗ್ಗಿಗೆ ತೇವ ತಾಗುವ ಚಿಂತೆ. ಸೆಖೆ ಜೋರಾಗಿರುವ ಮಾರ್ಚ್, ಏಪ್ರಿಲ್ ತಿಂಗಳುಗಳು ನಿಯಮದ ಲೆಕ್ಕದಲ್ಲಿ ಬೇಸಗೆಯೇ ಅಲ್ಲ. ದೊಡ್ಡ ದೇಶಕ್ಕೆ ಒಂದೇ ಪಂಚಾಂಗ ಬರೆದಾಗ ಕರಾವಳಿಯ ಕಾರುಗಳಿಗೆ ರಕ್ಷಣೆ ಒಂದು ತಿಂಗಳಷ್ಟೇ ಸಿಕ್ಕಿತು.

ಪರಿಹಾರ ಬಂದದ್ದು ಹಂತ ಹಂತವಾಗಿ. 1980ರ ಸುಮಾರಿಗೆ ಡೀಸೆಲ್ ಅಂಬಾಸಿಡರ್ ಬಂದ ಮೇಲೆ ಬಾಡಿಗೆ ಕಾರಿನವರು ಅದರತ್ತ ಸರಿದರು. ಅಗ್ಗದ ಇಂಧನ ಮುಖ್ಯ ಕಾರಣವಾದರೂ ಏರ್ ಲಾಕಿನ ಕಾಟ ತಪ್ಪಿದ್ದು ಸಣ್ಣ ಲಾಭವೇನಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ 796 ಸಿಸಿ ಎಂಜಿನ್ನಿನಲ್ಲೂ ಕಾರ್ಬ್ಯುರೇಟರೇ ಇತ್ತು, ಪಂಪೂ ಮೆಕ್ಯಾನಿಕಲ್ಲೇ. ಆದರೆ ಅದರ ಪಂಪಿನಿಂದ ಟ್ಯಾಂಕಿಗೆ ಹಿಂದಿರುಗುವ ಇನ್ನೊಂದು ಪೈಪು ಇತ್ತು. ಎಂಜಿನ್ನಿಗೆ ಬೇಡವಾದ ಪೆಟ್ರೋಲು ನಿಲ್ಲದೆ ಸುತ್ತಿ ಟ್ಯಾಂಕಿಗೆ ಮರಳುವುದರಿಂದ ಪಂಪು ತಣ್ಣಗಿರುತ್ತದೆ, ಹುಟ್ಟಿದ ಗುಳ್ಳೆಗಳೂ ಅದರ ಜೊತೆಗೆ ಹೊರಟುಹೋಗುತ್ತವೆ. ಒದ್ದೆ ಬೈರಾಸಿನ ಅಗತ್ಯ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಅದೇ ಎಂಜಿನ್ನನ್ನು ಮುಂದಿನ ಸೀಟಿನಡಿ ಇಟ್ಟುಕೊಂಡ ಓಮ್ನಿ ಮಾತ್ರ ತುಂಬಿದ ಜನರೊಡನೆ ಘಟ್ಟ ಹತ್ತುವಾಗ ಬಿಸಿಯನ್ನು ಚಾಲಕನಿಗೇ ಉಣಿಸುತ್ತಿತ್ತು. ಅಂಬಾಸಿಡರ್ ಬಿಡಲೊಲ್ಲದವರು ಟ್ಯಾಂಕಿನ ಬಳಿ ಎಲೆಕ್ಟ್ರಿಕ್ ಪಂಪು ಹಾಕಿಸಿಕೊಂಡರು. ತಣ್ಣಗಿನ ಜಾಗದಲ್ಲಿ ಕೂತು ಎಳೆಯುವ ಬದಲು ತಳ್ಳುವ ಈ ಪಂಪು ಇಡೀ ಪೈಪನ್ನು ಒತ್ತಡದಲ್ಲಿಡುತ್ತದೆ. ಉಪಾಯಗಳಲ್ಲಿ ಬುಡಕ್ಕೇ ಮದ್ದು ಹಾಕಿದ್ದು ಇದೊಂದೇ. ಅಪಘಾತದಲ್ಲಿ ಎಂಜಿನ್ ನಿಂತರೂ ಪಂಪು ಪೆಟ್ರೋಲು ಸುರಿಸುತ್ತಲೇ ಇರದಂತೆ ಅದಕ್ಕೆ ಪ್ರತ್ಯೇಕ ಕಟ್-ಆಫ್ ಸ್ವಿಚ್ ಬೇಕು, ಅದನ್ನು ಹಾಕಿಸದಿದ್ದರೆ ಅಪಾಯ.

2000ದ ಆಸುಪಾಸಿನಲ್ಲಿ ಹೊಗೆ ನಿಯಂತ್ರಣದ ಕಟ್ಟುಪಾಡುಗಳು ಬಿಗಿಯಾದಂತೆ ಕಾರುಗಳಿಗೆ ಫ್ಯೂಯೆಲ್ ಇಂಜೆಕ್ಷನ್ ಬಂತು. ಹಳೆಯ ಪಂಪಿನ ಒತ್ತಡಕ್ಕಿಂತ ಹತ್ತು ಪಟ್ಟು ಹೆಚ್ಚಿನ, ಮೂರು ಬಾರಿನ ಸುಮಾರಿನ ಒತ್ತಡದಲ್ಲಿರುವ ಪೆಟ್ರೋಲು ಬಾನೆಟ್ಟಿನ ಬಿಸಿಗೆ ಸುಲಭವಾಗಿ ಕುದಿಯುವುದಿಲ್ಲ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ಣಗೊಂಡು ಬೈಂದೂರಿನಲ್ಲಿ ಮೂಕಾಂಬಿಕಾ ರೋಡ್ ನಿಲ್ದಾಣವಾದ್ದರಿಂದ ಕೇರಳದಿಂದ, ಮುಂಬಯಿಯಿಂದ ಕೊಲ್ಲೂರಿಗೆ ಬರುವವರ ದೀರ್ಘ ಕಾರು ಪ್ರಯಾಣವೂ ಕಡಿಮೆಯಾಯಿತು. ಬೈಕು, ಸ್ಕೂಟರುಗಳಲ್ಲಿ ಕಾರ್ಬ್ಯುರೇಟರ್ 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ಜಾರಿಯಾಗುವವರೆಗೆ ಉಳಿಯಿತು. ಅವುಗಳಲ್ಲಿ ಟ್ಯಾಂಕು ಹೆಚ್ಚಾಗಿ ಎತ್ತರದಲ್ಲಿದ್ದು ಪೆಟ್ರೋಲು ತಾನಾಗಿ ಇಳಿಯುವುದರಿಂದ ಈ ತೊಂದರೆ ಅಷ್ಟಿರಲಿಲ್ಲ.

ಉಳಿದಿರುವ ಅಂಬಾಸಿಡರ್, ಪದ್ಮಿನಿಗಳಿಗೆ ಈಗ ಹೊಸ ಪರೀಕ್ಷೆಯೊಂದು ಬಂದಿದೆ. 2003ರಲ್ಲಿ ಪೆಟ್ರೋಲಿಗೆ ಶೇ. 5 ಎಥೆನಾಲ್ ಬೆರೆಸುವ ಯೋಜನೆ ಆರಂಭವಾದ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2022ರಲ್ಲಿ ದೇಶದ ಸರಾಸರಿ ಶೇ. 10ಕ್ಕೆ ಮುಟ್ಟಿತು, 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20ರ ಪೆಟ್ರೋಲಿಗೆ ಚಾಲನೆ ಸಿಕ್ಕಿ ಅದು ಎಲ್ಲೆಡೆ ಹರಡಿತು. ಎಥೆನಾಲ್ ತಾನೊಂದೇ ಇದ್ದರೆ 78 ಡಿಗ್ರಿಗೆ ಕುದಿಯುವ, ಆವಿಯೊತ್ತಡ ಕಡಿಮೆಯಿರುವ ದ್ರವ. ಪೆಟ್ರೋಲಿನೊಡನೆ ಬೆರೆತಾಗ ಮಾತ್ರ ಹಗುರ ಅಂಶಗಳು ಇನ್ನೂ ಬೇಗ ಆವಿಯಾಗುವಂತೆ ಮಾಡುತ್ತದೆ. ಈ ಪರಿಣಾಮ ಶೇ. 10ರ ಸುಮಾರಿಗೆ ಅತಿ ಹೆಚ್ಚು, ಶೇ. 20ರಲ್ಲಿ ತುಸು ಕಡಿಮೆ. ಎಥೆನಾಲ್ ಇಲ್ಲದ ಪೆಟ್ರೋಲಿಗಿಂತ ಎರಡೂ ಹೆಚ್ಚೇ. ಹಳೆಯ ರಬ್ಬರಿನ ಡಯಾಫ್ರಮ್, ಹೋಸ್ ಪೈಪುಗಳನ್ನು ಅದು ಉಬ್ಬಿಸಿ ಮೆತ್ತಗಾಗಿಸುತ್ತದೆ. ಕರಾವಳಿಯ ಗಾಳಿಯಿಂದ ತೇವ ಹೀರಿ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಡುವಂತೆ ಮಾಡುವುದೂ ಉಂಟು. ಹಳೆಯ ಕಾರು ಇಟ್ಟುಕೊಂಡವರು ಪಂಪಿನ ಡಯಾಫ್ರಮ್ಮನ್ನೂ ಹೋಸುಗಳನ್ನೂ ಎಥೆನಾಲ್ ತಡೆಯುವ ರಬ್ಬರಿನವಕ್ಕೆ ಬದಲಾಯಿಸಿಕೊಳ್ಳಬೇಕು. ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಕಾರ್ಬ್ಯುರೇಟರಿನ ತೊಟ್ಟಿಯ ಪೆಟ್ರೋಲು ತೆಗೆದುಬಿಡಬೇಕು. ಬೇಕಲೈಟ್ ಬಿಲ್ಲೆ, ತಗಡಿನ ಮರೆಗಳು ಜಾಗದಲ್ಲಿವೆಯೇ ಎಂದು ಮಾರ್ಚಿಗೆ ಮೊದಲೇ ನೋಡಿಸಿಕೊಳ್ಳಬೇಕು. ಘಟ್ಟ ಹತ್ತುವುದಿದ್ದರೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಡುವುದು, ಹತ್ತಿದ ಮೇಲೆ ಎರಡು ಮೂರು ನಿಮಿಷ ಎಂಜಿನ್ ಆರಿಸದಿರುವುದು ಹಿಂದಿನಂತೆಯೇ ಈಗಲೂ ಬೇಕು.